ಕಂಟೇನರ್ ಕ್ಯಾಬಿನ್‌ಗೆ ಎಸಿ ಕೂರಿಸುವ ಮುನ್ನ

ಮಾನ್ಯ ಸಂಪಾದಕರೇ,

ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ರಸ್ತೆ ಕಾಮಗಾರಿಗಳಲ್ಲಿ, ಕ್ವಾರಿಗಳಲ್ಲಿ, ಕಾರ್ಖಾನೆಗಳ ಗೇಟುಗಳ ಬಳಿ ಹಳೆಯ ಸರಕು ಕಂಟೇನರ್‌ಗಳನ್ನೂ ಟ್ರೇಲರ್ ಬಾಡಿಗಳನ್ನೂ ಕಚೇರಿಯಾಗಿ, ಕಾವಲು ಕೋಣೆಯಾಗಿ, ಸಿಬ್ಬಂದಿಯ ವಸತಿಯಾಗಿ ಮಾರ್ಪಡಿಸುವುದು ಈಗ ಸಾಮಾನ್ಯವಾಗಿದೆ. ಬೇಸಿಗೆ ಹತ್ತಿರವಾದಂತೆ ಅವುಗಳ ಗೋಡೆ ಕೊರೆದು ವಿಂಡೋ ಎಸಿ ಕೂರಿಸುವ ಕೆಲಸವೂ ಭರದಿಂದ ಸಾಗುತ್ತದೆ. ಎಸಿ ಜೋಡಣೆ ಮತ್ತು ರಿಪೇರಿಯನ್ನೇ ಕಸುಬಾಗಿ ಮಾಡಿಕೊಂಡಿರುವ ನಾನು ಗಮನಿಸಿರುವಂತೆ, ಇಂಥ ಕ್ಯಾಬಿನ್‌ಗಳ ವರ್ಕ್ ಆರ್ಡರ್‌ನಲ್ಲಿ ಎಸಿಯ ಬಗ್ಗೆ ‘ಒಂದೂವರೆ ಟನ್, ಮೂರು ಸ್ಟಾರ್’ ಎಂಬ ಒಂದು ಸಾಲಿಗಿಂತ ಹೆಚ್ಚೇನೂ ಇರುವುದಿಲ್ಲ. ಛಾವಣಿಗೆ ಶಾಖ ನಿರೋಧಕ ಇರಬೇಕೇ, ಯಂತ್ರದ ಬೆನ್ನು ಎಷ್ಟು ಹೊರಗಿರಬೇಕು, ಕಬ್ಬಿಣದ ಆ ಪೆಟ್ಟಿಗೆಗೆ ಅರ್ಥಿಂಗ್ ಯಾರು ಮಾಡಿಸಬೇಕು ಎಂಬುದನ್ನೆಲ್ಲ ಕೊರೆಯಲು ಬಂದ ವೆಲ್ಡರ್‌ನ ವಿವೇಚನೆಗೆ ಬಿಡಲಾಗುತ್ತದೆ. ಈ ವಿಷಯಗಳು ವರ್ಕ್ ಆರ್ಡರ್‌ನಲ್ಲಿಯೇ ಬರಬೇಕೆಂಬುದು ನನ್ನ ಕೋರಿಕೆ.

ಮೊದಲಿಗೆ ಛಾವಣಿಯನ್ನೇ ತೆಗೆದುಕೊಳ್ಳೋಣ. ಇಪ್ಪತ್ತು ಅಡಿ ಕಂಟೇನರ್‌ನ ಹೊರ ಅಳತೆ 6.06 ಮೀಟರ್ ಉದ್ದ, 2.44 ಮೀಟರ್ ಅಗಲ. ಅಂದರೆ ಛಾವಣಿ ಸುಮಾರು 15 ಚದರ ಮೀಟರ್. ಎರಡು ಮಿಲಿಮೀಟರ್ ದಪ್ಪವಿರುವ, ಬಣ್ಣ ಮಾಸಿದ ಆ ತಗಡು ಏಪ್ರಿಲ್ ಮಧ್ಯಾಹ್ನದಲ್ಲಿ 60 ಡಿಗ್ರಿ ದಾಟಿ ಕಾಯುತ್ತದೆ. ಒಳಗೆ 26 ಡಿಗ್ರಿ ಇರಬೇಕೆಂದು ಬಯಸಿದರೆ, ನಿರೋಧಕವಿಲ್ಲದ ಛಾವಣಿಯೊಂದರಿಂದಲೇ ಒಳಕ್ಕೆ ಇಳಿಯುವ ಶಾಖ ಅಂದಾಜು ಲೆಕ್ಕದಲ್ಲಿ ಮೂರು ಕಿಲೋವ್ಯಾಟ್‌ಗಿಂತ ಹೆಚ್ಚಾಗುತ್ತದೆ. ಒಂದು ಟನ್ ಎಸಿಯ ತಂಪು ಮಾಡುವ ಸಾಮರ್ಥ್ಯವೇ 3.5 ಕಿಲೋವ್ಯಾಟ್ ಆಗಿರುವುದರಿಂದ, ಪಶ್ಚಿಮದ ಗೋಡೆ, ಬಾಗಿಲಿನ ಸಂದು, ಕಂಪ್ಯೂಟರು, ಒಳಗೆ ಕುಳಿತ ಜನರನ್ನು ಲೆಕ್ಕಕ್ಕೆ ಹಿಡಿಯುವ ಮೊದಲೇ ಒಂದು ಟನ್ ಛಾವಣಿಗೆ ಸರಿಹೋಗುತ್ತದೆ. ಸಾಲದೆಂಬಂತೆ, ಡಬ್ಬದ ಮೇಲೆ ಬರೆದಿರುವ ಟನ್ ಲೆಕ್ಕ ಹೊರಗೆ 35 ಡಿಗ್ರಿ ಇರುವಾಗ ಪರೀಕ್ಷಿಸಿದ್ದು. ನಮ್ಮ ಕಡೆಯ 42 ಡಿಗ್ರಿಯಲ್ಲಿ ಅದೇ ಯಂತ್ರದ ಸಾಮರ್ಥ್ಯ ಕುಗ್ಗುತ್ತದೆ, ಕರೆಂಟು ಮಾತ್ರ ಹೆಚ್ಚು ಎಳೆಯುತ್ತದೆ. ಅದೇ ಛಾವಣಿಯ ಕೆಳಗೆ 50 ಮಿಲಿಮೀಟರ್ ಪಫ್ ಶೀಟನ್ನು (ಪಾಲಿಯುರೆಥೇನ್ ಫೋಮಿನ ಹಲಗೆ) ಸಂದಿಲ್ಲದಂತೆ ಕೂರಿಸಿದರೆ ಒಳಬರುವ ಶಾಖ ಮುನ್ನೂರು ವ್ಯಾಟ್‌ನ ಆಸುಪಾಸಿಗೆ ಇಳಿಯುತ್ತದೆ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು) ಹಾಕಿದರೆ ಶಾಖ ತುಸು ಹೆಚ್ಚು ಬಂದೀತು, ಆದರೆ ಅದು ಬೆಂಕಿಗೆ ಹೆದರುವುದಿಲ್ಲ. ಇದಾವುದಕ್ಕೂ ಹಣವಿಲ್ಲದಿದ್ದಲ್ಲಿ ಕಂಟೇನರ್‌ನ ಮೇಲೆ ಒಂದಡಿ ಎತ್ತರದಲ್ಲಿ, ಗಾಳಿಯಾಡುವಂತೆ, ಇನ್ನೊಂದು ತಗಡಿನ ಚಪ್ಪರ ಹಾಕಿದರೂ ನೇರ ಬಿಸಿಲು ತಪ್ಪುತ್ತದೆ. ನಿರೋಧಕಕ್ಕೆ ದುಡ್ಡಿಲ್ಲವೆಂದು ಹೇಳಿ ಒಂದೂವರೆ ಟನ್ ಬದಲು ಎರಡು ಟನ್ ಎಸಿ ತರಿಸುವವರನ್ನು ಕಂಡಾಗ, ತೂತು ಬಿದ್ದ ಕೊಡ ತುಂಬಿಸಲು ದೊಡ್ಡ ನಲ್ಲಿ ಹಾಕಿಸಿದಂತೆ ನನಗೆ ತೋರುತ್ತದೆ.

ಇನ್ನು ಗೋಡೆ ಕೊರೆಯುವ ಕೆಲಸ. ಕಂಟೇನರ್‌ನ ಭಾರ ಹೊರುವುದು ನಾಲ್ಕು ಮೂಲೆಯ ಕಂಬಗಳಾದರೂ, ಅಲೆಯಲೆಯಾಗಿ ಮಡಚಿದ ಗೋಡೆಯ ತಗಡು ಪೆಟ್ಟಿಗೆ ಓರೆಯಾಗದಂತೆ ಬಿಗಿಹಿಡಿದಿರುತ್ತದೆ. ಆದ್ದರಿಂದ ಕಿಟಕಿಯಷ್ಟು ಕೊರೆದ ಮೇಲೆ ಸುತ್ತಲೂ ಸ್ಕ್ವೇರ್ ಪೈಪಿನ ಚೌಕಟ್ಟು ವೆಲ್ಡ್ ಮಾಡಲೇಬೇಕು. ಒಂದೂವರೆ ಟನ್ ವಿಂಡೋ ಎಸಿ ಐವತ್ತು ಕಿಲೋ ತೂಗುತ್ತದೆ, ಅದರಲ್ಲೂ ಕಂಪ್ರೆಸರ್ ಇರುವ ಹಿಂಭಾಗವೇ ಹೆಚ್ಚು ಭಾರ. ಬರಿಯ ತಗಡಿನ ಅಂಚಿನ ಮೇಲೆ ಅದನ್ನು ಕೂರಿಸಿದರೆ ಕೆಲವೇ ತಿಂಗಳಲ್ಲಿ ಅಂಚು ಬಾಗಿ, ಮಳೆಗಾಲದಲ್ಲಿ ನೀರು ಒಳಗೆ ಇಳಿಯುತ್ತದೆ. ವೆಲ್ಡಿಂಗ್ ಮತ್ತು ಗ್ರೈಂಡಿಂಗ್ ಪೂರ್ತಿ ಮುಗಿಸಿ, ಸುಟ್ಟ ಜಾಗಕ್ಕೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದ ನಂತರವೇ ಪಫ್ ಅಥವಾ ಥರ್ಮಾಕೋಲ್ ಒಳಗೆ ತರಬೇಕು. ನಿರೋಧಕ ಹಾಕಿಯಾದ ಮೇಲೆ ಗೋಡೆಗೆ ವೆಲ್ಡಿಂಗ್ ಮಾಡಿಸಿದರೆ ಪ್ಲೈವುಡ್‌ನ ಹಿಂದೆ ಹೊತ್ತಿದ ಕಿಡಿ ಹೊರಗಿನವರ ಕಣ್ಣಿಗೆ ಬೀಳುವಷ್ಟರಲ್ಲಿ ತಡವಾಗಿರುತ್ತದೆ.

ಹೆಚ್ಚಿನ ಕಡೆ ಕೆಲಸ ಕೆಡುವುದು ಯಂತ್ರದ ಬೆನ್ನನ್ನು ಕೂರಿಸುವ ರೀತಿಯಲ್ಲಿ. ವಿಂಡೋ ಎಸಿಯ ಹಿಂದಿನ ಫ್ಯಾನ್ ಎರಡೂ ಪಕ್ಕಗಳ ಮತ್ತು ಮೇಲ್ಭಾಗದ ಸೀಳುಗಳಿಂದ ಹೊರಗಿನ ಗಾಳಿಯನ್ನು ಎಳೆದುಕೊಂಡು, ಹಿಂದಿನ ಕಾಯಿಲ್ ಮೂಲಕ ಬಿಸಿಯನ್ನು ಹೊರಕ್ಕೆ ಊದುತ್ತದೆ. ಆ ಸೀಳುಗಳು ಗೋಡೆಯಿಂದ ಪೂರ್ತಿ ಹೊರಗಿದ್ದರಷ್ಟೇ ಯಂತ್ರ ಉಸಿರಾಡುತ್ತದೆ. ಸಾಧಾರಣ ಕಿಟಕಿಯಲ್ಲಿ ಇದು ತಾನಾಗಿಯೇ ಸರಿಹೋಗುತ್ತದೆ. ಆದರೆ ತಗಡು, ಪಫ್, ಪ್ಲೈವುಡ್ ಸೇರಿ ನಾಲ್ಕು ಇಂಚು ದಪ್ಪವಾದ ಕ್ಯಾಬಿನ್ ಗೋಡೆಯಲ್ಲಿ ಸೀಳುಗಳ ಅರ್ಧ ಭಾಗ ಗೋಡೆಯೊಳಗೇ ಮುಚ್ಚಿಹೋಗುತ್ತದೆ. ನಾನು ನೋಡಿದ ಒಂದು ಕ್ವಾರಿ ಕಚೇರಿಯಲ್ಲಿ, ಟಿಪ್ಪರ್ ತಾಗೀತೆಂಬ ಭಯದಿಂದ, ಯಂತ್ರವನ್ನು ಪೂರ್ತಿ ಒಳಕ್ಕೆ ಸರಿಸಿ ಹಿಂಭಾಗವನ್ನು ಗೋಡೆಯ ಮಟ್ಟಕ್ಕೆ ನಿಲ್ಲಿಸಿದ್ದರು. ಪಕ್ಕದ ಸೀಳುಗಳು ಕೋಣೆಯೊಳಗೇ ಇದ್ದುದರಿಂದ ಯಂತ್ರ ತಾನೇ ತಂಪು ಮಾಡಿದ ಗಾಳಿಯನ್ನು ಎಳೆದು ಹೊರಕ್ಕೆ ಊದುತ್ತಿತ್ತು, ಆ ಖಾಲಿಯನ್ನು ತುಂಬಲು ಬಾಗಿಲ ಕೆಳಗಿನ ಸಂದಿನಿಂದ ಕಲ್ಲುಪುಡಿ ತುಂಬಿದ ಬಿಸಿಗಾಳಿ ಒಳನುಗ್ಗುತ್ತಿತ್ತು. ಮೇಜಿನ ಮೇಲಿನ ರಿಜಿಸ್ಟರಿಗೆ ಬೂದು ಧೂಳಿನ ಪದರವೇ ಹತ್ತಿತ್ತು. ಅವರು ಗ್ಯಾಸ್ ಕಡಿಮೆಯಾಗಿದೆ ಎಂದು ಭಾವಿಸಿ ನನ್ನನ್ನು ಕರೆಸಿದ್ದರು. ಗ್ಯಾಸ್ ಸರಿಯಾಗಿಯೇ ಇತ್ತು. ಇನ್ನು ಕೆಲವರು ಬೆನ್ನಿನ ಸುತ್ತ ತಗಡಿನ ಪೆಟ್ಟಿಗೆ ಕಟ್ಟಿ ಹಿಂದೆ ಚಿಕ್ಕ ಜಾಲರಿ ಬಿಡುತ್ತಾರೆ. ಆಗ ಊದಿದ ಬಿಸಿಯೇ ಮತ್ತೆ ಪಕ್ಕದಿಂದ ಒಳಬಂದು, ಕಂಪ್ರೆಸರ್ ಕಾದು, ಅದನ್ನು ಕಾಯುವ ಓವರ್‌ಲೋಡ್ ಸ್ವಿಚ್ ಬಿದ್ದು ನಿಲ್ಲುತ್ತದೆ. ಆರಿದ ಮೇಲೆ ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಒಳಕ್ಕೆ ಸರಿಸುವುದು ಅನಿವಾರ್ಯವಾದಲ್ಲಿ, ಕೋಣೆಯ ಕಡೆಗೆ ಪೂರ್ತಿ ಮುಚ್ಚಿದ ಪೆಟ್ಟಿಗೆ ಮಾಡಿ, ಗಾಳಿ ಬರುವ ದಾರಿ ಮತ್ತು ಬಿಸಿ ಹೋಗುವ ದಾರಿಗಳ ನಡುವೆ ತಗಡಿನ ತಡೆ ಕೊಟ್ಟು, ಎರಡೂ ದಾರಿಗಳನ್ನು ಹೊರಗಿನ ಗೋಡೆಗೆ ಅಗಲವಾಗಿ ತೆರೆಯಬೇಕು. ಟಿಪ್ಪರ್ ಭಯಕ್ಕೆ ಎರಡು ಗೂಟ ನೆಟ್ಟರೆ ಸಾಕಿತ್ತು ಎಂಬುದು ಬೇರೆ ಮಾತು.

ಯಂತ್ರದ ಬೆನ್ನು ಕಾಲಿಂಚಿನಷ್ಟು ಕೆಳಗೆ ವಾಲಿರಬೇಕು; ಆಗ ಒಳಗಿನ ತೇವದ ನೀರು ಹಿಂದಿನ ತಟ್ಟೆಗೆ ಹರಿಯುತ್ತದೆ. ಹಿಂದಿನ ಫ್ಯಾನಿನ ಅಂಚಿನ ಬಳೆ ಆ ನೀರನ್ನು ಬಿಸಿ ಕಾಯಿಲ್ ಮೇಲೆ ಎರಚಿ ತಂಪು ಮಾಡುವಂತೆ ಹಲವು ಯಂತ್ರಗಳನ್ನು ರೂಪಿಸಿರುತ್ತಾರೆ. ಟಪಟಪ ಸದ್ದು ಬರುತ್ತದೆಂದು ತಟ್ಟೆಗೆ ತೂತು ಕೊರೆಯುವವರು ಇದನ್ನು ತಿಳಿಯಬೇಕು.

ಚಕ್ರದ ಮೇಲಿರುವ ಟ್ರೇಲರ್‌ಗೆ ಇನ್ನೂ ಒಂದು ತೊಡಕಿದೆ. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಒಟ್ಟು ಅಗಲ 2.6 ಮೀಟರ್ ಮೀರುವಂತಿಲ್ಲ. ಕಂಟೇನರ್‌ನ ಅಗಲವೇ 2.44 ಮೀಟರ್ ಆಗಿರುವಾಗ ಪಕ್ಕದ ಗೋಡೆಯಿಂದ ಒಂದಡಿ ಹೊರಚಾಚಿದ ಎಸಿ ಆ ಮಿತಿಯನ್ನು ಮುರಿಯುತ್ತದೆ, ಎದುರಿನಿಂದ ಬರುವ ಬೈಕ್ ಸವಾರನ ಭುಜದ ಎತ್ತರಕ್ಕೂ ಬರಬಹುದು. ಕೊಂಡಿಯ ಮೇಲಿನ ಮುಂದಿನ ಗೋಡೆ ಅಥವಾ ಹಿಂದಿನ ಗೋಡೆ ಇದಕ್ಕೆ ತಕ್ಕ ಜಾಗ. ಟ್ರೇಲರ್ ಕೂಡ ಕಾಯ್ದೆಯ ದೃಷ್ಟಿಯಲ್ಲಿ ಮೋಟಾರು ವಾಹನವೇ ಆದ್ದರಿಂದ, ವಾಹನಗಳನ್ನು ಮನಬಂದಂತೆ ಮಾರ್ಪಡಿಸುವುದನ್ನು ತಡೆಯುವ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅದರ ಮಾರ್ಪಾಡಿಗೂ ಅನ್ವಯಿಸುತ್ತದೆ. ರಸ್ತೆಯ ಕುಲುಕಾಟಕ್ಕೆ ತಾಮ್ರದ ಕೊಳವೆಗಳು ಬಿರುಕು ಬಿಡುವುದರಿಂದ ತಳಕ್ಕೆ ರಬ್ಬರ್ ಹಾಸು ಕೊಟ್ಟು, ಯಂತ್ರವನ್ನು ಮುಂದೆಯೂ ಹಿಂದೆಯೂ ಬಿಗಿದಿರಬೇಕು.

ಇಷ್ಟರ ತನಕ ಹೇಳಿದ್ದರಲ್ಲಿ ತಪ್ಪಾದರೆ ಹೆಚ್ಚಾಗಿ ಹಣ ನಷ್ಟವಾಗುತ್ತದೆ. ವಿದ್ಯುತ್ತಿನಲ್ಲಿ ತಪ್ಪಾದರೆ ಜೀವ ಹೋಗುತ್ತದೆ. ಟೈರ್ ಮೇಲೆ ಅಥವಾ ಕಾಂಕ್ರೀಟ್ ದಿಮ್ಮಿಗಳ ಮೇಲೆ ನಿಂತ ಕಬ್ಬಿಣದ ಪೆಟ್ಟಿಗೆಗೆ ನೆಲದೊಡನೆ ನಂಬಬಹುದಾದ ಸಂಪರ್ಕವಿರುವುದಿಲ್ಲ. ಗ್ರೈಂಡರ್‌ನಿಂದ ಕೊರೆದ ಚೂಪು ಅಂಚಿನ ಮೂಲಕ ರಬ್ಬರ್ ಬುಷ್ ಇಲ್ಲದೆ ವೈರ್ ಹಾಯಿಸಿದ್ದರೆ, ಕಂಪ್ರೆಸರ್‌ನ ನಡುಕಕ್ಕೆ ವೈರಿನ ಮೇಲ್ಪದರ ಸವೆದು ಇಡೀ ಪೆಟ್ಟಿಗೆಗೆ ಕರೆಂಟು ಬರುತ್ತದೆ. ಒಳಗೆ ಒಣ ಪ್ಲೈವುಡ್ ಮೇಲೆ ಕುಳಿತವರಿಗೆ ಏನೂ ತಿಳಿಯುವುದಿಲ್ಲ. ಬರಿಗಾಲಲ್ಲಿ ನೆಲದ ಮೇಲೆ ನಿಂತು ಬಾಗಿಲ ಚಿಲಕ ಹಿಡಿದ ಚಹಾ ತರುವ ಹುಡುಗನಿಗೆ ಶಾಕ್ ಹೊಡೆಯುತ್ತದೆ. ಆದ್ದರಿಂದ ಪೆಟ್ಟಿಗೆಯ ಚಾಸಿಗೆ ನೇರವಾಗಿ ಬೋಲ್ಟ್ ಹಾಕಿದ ಅರ್ಥ್ ತಂತಿ, ನೆಲದಲ್ಲಿ ಸರಿಯಾದ ಅರ್ಥ್ ಪಿಟ್, ಎಸಿಗೆ ಪ್ರತ್ಯೇಕ ಎಂಸಿಬಿ (ಹೆಚ್ಚು ಕರೆಂಟು ಹರಿದರೆ ಕಡಿಯುವ ಸ್ವಿಚ್), ಅದರ ಮುಂದೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದೊಡನೆ ಕಡಿಯುವ ಸ್ವಿಚ್) ಇವುಗಳಲ್ಲಿ ಯಾವುದನ್ನೂ ಕೈಬಿಡುವಂತಿಲ್ಲ. ಜನರೇಟರ್ ಬಳಸುವಲ್ಲಿ ಅದರ ನ್ಯೂಟ್ರಲ್ ಅನ್ನು ಅರ್ಥ್‌ಗೆ ಜೋಡಿಸಿರದಿದ್ದರೆ ಆರ್‌ಸಿಸಿಬಿ ಇದ್ದೂ ಇಲ್ಲದಂತೆಯೇ. ಈ ಜೋಡಣೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದಲೇ ಮಾಡಿಸಬೇಕು.

ಜನರೇಟರ್ ಎಂದೊಡನೆ 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ನಡೆದದ್ದನ್ನು ನೆನಪಿಸಬೇಕಾಗುತ್ತದೆ. ರಸ್ತೆ ಬದಿಯಲ್ಲಿ ನಿಲ್ಲಿಸಿದ್ದ ಕ್ಯಾರವಾನ್‌ನೊಳಗೆ ಇಬ್ಬರು ಶವವಾಗಿ ಪತ್ತೆಯಾದರು. ಎಸಿ ನಡೆಸಲು ಚಾಲೂ ಇಟ್ಟಿದ್ದ ಜನರೇಟರ್‌ನ ಕಾರ್ಬನ್ ಮಾನಾಕ್ಸೈಡ್ ಒಳಸೇರಿದ್ದೇ ಸಾವಿಗೆ ಕಾರಣವೆಂದು ಹೇಳಲಾಯಿತು. ಆ ಅನಿಲಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ತಂಪು ಹೊರಹೋಗಬಾರದೆಂದು ನಾವು ಎಷ್ಟು ಚೆನ್ನಾಗಿ ಸಂದುಗಳನ್ನು ಮುಚ್ಚುತ್ತೇವೋ, ಒಳಹೊಕ್ಕ ಅನಿಲವೂ ಅಷ್ಟೇ ಚೆನ್ನಾಗಿ ಒಳಗೆ ನಿಲ್ಲುತ್ತದೆ. ಜನರೇಟರನ್ನು ಕ್ಯಾಬಿನ್‌ನ ಕೆಳಗಾಗಲಿ, ಅದಕ್ಕೆ ಅಂಟಿಸಿಯಾಗಲಿ ಇಡದೆ, ಹೊಗೆಯ ಕೊಳವೆ ಎಸಿಯ ಕಡೆಗೆ ತಿರುಗದಂತೆ, ಸಾಧ್ಯವಾದಷ್ಟು ದೂರದಲ್ಲಿ ಗಾಳಿ ಬೀಸುವ ದಿಕ್ಕು ನೋಡಿ ಇಡಬೇಕು. ಜನ ಮಲಗುವ ಕ್ಯಾಬಿನ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕಡ್ಡಾಯವಾಗಬೇಕು. ಎಸಿಗೆ ಖರ್ಚಾಗುವ ಹಣದ ಮುಂದೆ ಅದರ ಬೆಲೆ ಏನೇನೂ ಅಲ್ಲ.

ಲೋಕೋಪಯೋಗಿ, ನೀರಾವರಿಯಂಥ ಇಲಾಖೆಗಳೂ ದೊಡ್ಡ ಗುತ್ತಿಗೆದಾರರೂ ಕ್ಯಾಬಿನ್ ಖರೀದಿಯ ಷರತ್ತುಗಳಲ್ಲಿ ಛಾವಣಿ ನಿರೋಧಕದ ದಪ್ಪ, ಎಸಿಯ ಬೆನ್ನಿಗೆ ಬಿಡಬೇಕಾದ ಜಾಗ, ಅರ್ಥಿಂಗ್ ಪರೀಕ್ಷೆಯ ವರದಿ ಮತ್ತು ಜನರೇಟರ್‌ನ ಅಂತರವನ್ನು ಸ್ಪಷ್ಟವಾಗಿ ಬರೆಸಿ, ಇವನ್ನು ಪರಿಶೀಲಿಸಿದ ಮೇಲೆಯೇ ಬಿಲ್ ಮಂಜೂರು ಮಾಡಲಿ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 34ನೇ ಕಲಂ ಕಾಮಗಾರಿಯ ಸ್ಥಳದಲ್ಲಿ ಕಾರ್ಮಿಕರಿಗೆ ಉಚಿತ ತಾತ್ಕಾಲಿಕ ವಸತಿ ಕೊಡುವ ಹೊಣೆಯನ್ನು ಮಾಲೀಕರ ಮೇಲೆ ಹೊರಿಸಿತ್ತು. ಹಾಗೆ ಕಾರ್ಮಿಕರಿಗೆ ಕಟ್ಟಿಕೊಡುವ ಶೆಡ್‌ಗಳೂ ಬಹುಪಾಲು ಇಂಥದೇ ತಗಡಿನವು. ಅವಕ್ಕೆ ಎಸಿಯೂ ಇಲ್ಲ, ನಿರೋಧಕವೂ ಇಲ್ಲ. ಎಂಜಿನಿಯರ್ ಸಾಹೇಬರ ಕ್ಯಾಬಿನ್‌ಗೆ ಪಫ್ ಶೀಟ್ ತರಿಸುವಾಗ ಪಕ್ಕದ ಕಾರ್ಮಿಕರ ಶೆಡ್‌ನ ಛಾವಣಿಗೂ ಸೇರಿಸಿ ತರಿಸಬೇಕೆಂಬ ಷರತ್ತನ್ನು ಅದೇ ವರ್ಕ್ ಆರ್ಡರ್‌ನಲ್ಲಿ ಹಾಕಲು ಯಾವ ಹೊಸ ಕಾನೂನಿನ ಅಗತ್ಯವೂ ಇಲ್ಲ.

ಇಂತಿ,
ಎಸಿ ಮೆಕ್ಯಾನಿಕ್, ರಾಯಚೂರು