ಕಂಪ್ಯೂಟರ್ ಸಂಗೀತಕ್ಕೆ ಕಡಿಮೆ ಖರ್ಚಿನ ದಾರಿ

ಮಾನ್ಯರೇ,

ಕಂಪ್ಯೂಟರ್‌ನ ಹೆಡ್‌ಫೋನ್ ತೂತಿನಲ್ಲಿ ಬರುವ 'ಸುಂಯ್' ಸದ್ದು ಹೆಚ್ಚಾಗಿ ಮದರ್‌ಬೋರ್ಡಿನ ವಿದ್ಯುತ್ ಗದ್ದಲ. ಸಣ್ಣ ಯುಎಸ್‌ಬಿ ಡ್ಯಾಕ್ (ಡಿಜಿಟಲ್ ಸಂಕೇತವನ್ನು ಧ್ವನಿ ಸಂಕೇತವಾಗಿಸುವ) ಡಾಂಗಲ್ ಸಾಕು, ದುಬಾರಿ ಸೌಂಡ್ ಕಾರ್ಡ್ ಬೇಕಿಲ್ಲ. ಸಿಡಿಯಿಂದ ಇಳಿಸಿದ ಫ್ಲ್ಯಾಕ್ (ಗುಣಮಟ್ಟ ಕುಂದದಂತೆ ಕುಗ್ಗಿಸಿದ ಹಾಡಿನ ಫೈಲ್) ಕೇಳುವಾಗ ವಿಂಡೋಸ್ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ 24 ಬಿಟ್, 44,100 ಹರ್ಟ್ಸ್ ಆರಿಸಿ. 48,000 ಇದ್ದರೆ ಸಿಡಿಯ 44,100 ದರವನ್ನು ವಿಂಡೋಸ್ ಸುಮ್ಮನೆ ಪರಿವರ್ತನೆ ಮಾಡುತ್ತದೆ. ತೀರಾ ಕುಗ್ಗಿಸಿದ 128 ಕೆಬಿಪಿಎಸ್ ಎಂಪಿ3ಯಲ್ಲಿ ಚಂಡೆಯ ಪೆಟ್ಟು ಮಸುಕಾಗಿದ್ದರೆ ಯಾವ ಡ್ಯಾಕೂ ಅದನ್ನು ಮರಳಿಸದು.

ಲ್ಯಾಪ್‌ಟಾಪ್ ಚಾರ್ಜರ್ ಸಿಕ್ಕಿಸಿದೊಡನೆ ಆಂಪ್ಲಿಫೈಯರ್ 'ಗುಂಯ್' ಎಂದರೆ ಅದು ಹೆಚ್ಚಾಗಿ ಗ್ರೌಂಡ್ ಲೂಪ್, ಅಂದರೆ ಎರಡು ಉಪಕರಣಗಳ ಅರ್ಥ್ ಸಂಪರ್ಕಗಳ ನಡುವೆ ಸುತ್ತುವ ವಿದ್ಯುತ್. ಚಾರ್ಜರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಅರ್ಥ್ ಪಿನ್ ಮುರಿಯುವುದು ಮಾತ್ರ ಜೀವಕ್ಕೇ ಅಪಾಯ, ದಯವಿಟ್ಟು ಬೇಡ. ಆಪ್ಟಿಕಲ್ ಕೇಬಲ್‌ನಲ್ಲಿ ಬೆಳಕಷ್ಟೇ ಹರಿಯುವುದರಿಂದ ಈ ತೊಂದರೆ ದಾಟುವುದಿಲ್ಲ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಜ್ಯಾಕ್‌ಗಳಿಗೆ ಕಿಲುಬು ಹಿಡಿದು ಕರಕರ ಶುರುವಾಗುತ್ತದೆ. ವಿದ್ಯುತ್ ತೆಗೆದು, ಪಿನ್ನನ್ನು ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಆರಿದ ಮೇಲೆ ಹಾಕಿ. ಗುಡುಗು ಕೇಳುವ ಮೊದಲೇ ಪ್ಲಗ್ ಜೊತೆ ಇಂಟರ್ನೆಟ್ ತಂತಿಯನ್ನೂ ಕಿತ್ತಿಡಿ.

– ಓದುಗರು, ತೀರ್ಥಹಳ್ಳಿ