ಲೋಡು ಸುರಿಯುವ ಮೊದಲು

ಚಿ. ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಪಾಯದ ಕೆಲಸ ಮುಗಿದು ಕಾಲಂ, ಮೌಲ್ಡಿಗೆ ಸಾಮಾನು ತರಿಸುತ್ತೀ ಎಂದು ನಿಮ್ಮಪ್ಪ ಹೇಳಿದ. ಸಿಮೆಂಟು, ಕಂಬಿ ಯಾವ ಕಂಪನಿಯದಾಗಬೇಕು ಎಂದು ನಾಲ್ಕು ಜನರನ್ನು ವಿಚಾರಿಸಿದ್ದೀಯಂತೆ. ಒಳ್ಳೆಯದೇ. ಆದರೆ ಕಾಂಕ್ರೀಟಿನ ಗಾತ್ರದಲ್ಲಿ ಸುಮಾರು ಮುಕ್ಕಾಲು ಪಾಲು ಮರಳು, ಜಲ್ಲಿಯೇ. ಸಿಮೆಂಟು ಚೀಲದ ಮೇಲೆ ಮುದ್ರೆ ಇರುತ್ತದೆ, ಟಿಪ್ಪರಿನ ಸರಕಿಗೆ ಇರುವುದಿಲ್ಲ. ಅದನ್ನು ನೀನೇ ನೋಡಿಕೊಳ್ಳಬೇಕು.

ಹೊಳೆ ಮರಳೇ ಬೇಕೆಂದು ಹಟ ಹಿಡಿಯಬೇಡ. ಮಣ್ಣು ಕೂಡಿದ ಹೊಳೆ ಮರಳಿಗಿಂತ ಒಳ್ಳೆಯ ಎಂ-ಸ್ಯಾಂಡ್, ಅಂದರೆ ಕಲ್ಲು ಒಡೆದು ಮಾಡಿದ ಮರಳು, ಎಷ್ಟೋ ಮೇಲು. ಆದರೆ ಎಂ-ಸ್ಯಾಂಡ್ ಹೆಸರಿನಲ್ಲಿ ಕ್ರಷರ್ ಡಸ್ಟ್ ಕೊಟ್ಟುಬಿಡುತ್ತಾರೆ, ಎಚ್ಚರ. ಡಸ್ಟ್ ಎಂದರೆ ಜಲ್ಲಿ ಒಡೆಯುವಾಗ ಉಳಿದ ಪುಡಿ; ಅದರಲ್ಲಿ ಚಪ್ಪಟೆ ಚೂರು, ಹಿಟ್ಟಿನಂಥ ಪುಡಿ ಎರಡೂ ಜಾಸ್ತಿ. ನಿಜವಾದ ಎಂ-ಸ್ಯಾಂಡನ್ನು ವಿಎಸ್‌ಐ ಎಂಬ, ಕಲ್ಲನ್ನು ರಭಸದಿಂದ ಬಡಿಯುವ ಯಂತ್ರದಲ್ಲಿ ಒಡೆದು ಕಾಳು ದುಂಡಗಾಗುವಂತೆ ಮಾಡಿ, ಜರಡಿ ಹಿಡಿದು, ತೊಳೆದಿರುತ್ತಾರೆ. ಕಾಂಕ್ರೀಟಿಗೆ ಭಾರತೀಯ ಮಾನಕ ಐಎಸ್ 383ರ ಎರಡನೇ ಜೋನಿನ ಮರಳು ಕೇಳು: 600 ಮೈಕ್ರಾನ್ ಜರಡಿಯಲ್ಲಿ ನೂರಕ್ಕೆ 35ರಿಂದ 59 ಪಾಲು ಕೆಳಗಿಳಿಯಬೇಕು. ಅದಕ್ಕಿಂತ ನುಣುಪಾದದ್ದು ನೀರು ಹೆಚ್ಚು ಕೇಳುತ್ತದೆ. ಮೇಸ್ತ್ರಿ ನೀರು ಸುರಿಯುತ್ತಾನೆ, ಬಲ ಇಳಿಯುತ್ತದೆ. ಸಾರಣೆಗೆ ಪಿ-ಸ್ಯಾಂಡ್ (ಇನ್ನೂ ನುಣುಪಾದ ಮರಳು) ಬೇರೆಯೇ ತರಿಸು.

ಮಣ್ಣಿನ ಅಂಶ ನೋಡಲು 200 ಮಿಲಿಯ ಅಳತೆ ಜಾಡಿ ಸಾಕು. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಕರಗಿಸು. ಜಾಡಿಗೆ ಆ ನೀರು 50ರ ಗೆರೆಯವರೆಗೆ, ಮೇಲೆ ಮರಳು ಹಾಕುತ್ತ 100ರವರೆಗೆ, ಮತ್ತೆ ನೀರು 150ರವರೆಗೆ. ಚೆನ್ನಾಗಿ ಕುಲುಕಿ ಮೂರು ಗಂಟೆ ಅಲುಗಿಸದೆ ಇಡು. ಮರಳಿನ ಮೇಲೆ ಕೂತ ಕೆಸರಿನ ಪದರ ಮರಳಿನ ಎತ್ತರದ ನೂರಕ್ಕೆ 8 ದಾಟಿದರೆ ಹೊಳೆ ಮರಳು ಬೇಡ. ಎಂ-ಸ್ಯಾಂಡಿನಲ್ಲಿ ಈ ಪದರ ದಪ್ಪ ಬಂದರೂ ಅದು ಬರೀ ಕಲ್ಲಿನ ಪುಡಿ ಇರಬಹುದು. 75 ಮೈಕ್ರಾನಿಗಿಂತ ಸಣ್ಣ ಪುಡಿ ತೂಕದಲ್ಲಿ ನೂರಕ್ಕೆ 15ರವರೆಗೆ ಇದ್ದರೂ ಐಎಸ್ ಒಪ್ಪುತ್ತದೆ. ಹೊಳೆ ಮರಳಿಗೆ ಈ ತೂಕದ ಮಿತಿ 3 ಮಾತ್ರ; ಜಾಡಿಯ 8 ಎತ್ತರದ ಲೆಕ್ಕ. ಒದ್ದೆ ಅಂಗೈಯಲ್ಲಿ ಉಜ್ಜಿ ನೋಡು. ಕಲ್ಲಿನ ಪುಡಿ ತೊಳೆದರೆ ಹೋಗುತ್ತದೆ, ಜೇಡಿ ಅಂಟಿಕೊಂಡು ಕೆಂಪು ಕಲೆ ಉಳಿಸುತ್ತದೆ. ಲಾರಿ ನಿಲ್ಲಿಸಿಕೊಂಡು ಮೂರು ಗಂಟೆ ಕಾಯಲಾಗದು. ಹಿಂದಿನ ದಿನವೇ ಯಾರ್ಡಿನಿಂದ ಮಾದರಿ ತಂದು ಪರೀಕ್ಷಿಸಿ, ಅದನ್ನೇ ಎದುರಿಗಿಟ್ಟುಕೊಂಡು ಲೋಡಿಗೆ ಹೋಲಿಸು.

ಎಲ್ಲರೂ ಎಡವುವುದು ಒದ್ದೆ ಮರಳಿನಲ್ಲಿ. ನೂರಕ್ಕೆ 4–5 ತೇವ ಇದ್ದರೆ ನೀರಿನ ಪೊರೆ ಕಾಳುಗಳನ್ನು ದೂರ ದೂರ ಇಡುತ್ತದೆ, ಮರಳು ಕಾಲು ಭಾಗದಷ್ಟು ಉಬ್ಬುತ್ತದೆ. ನೀನು ಕೊಡುವುದು ಅಡಿ ಲೆಕ್ಕದ ದುಡ್ಡು, ಸಿಗುವುದು ಗಾಳಿ. ಅದಕ್ಕಿಂತ ಕೆಟ್ಟದ್ದು ಮಿಶ್ರಣದಲ್ಲಿ ಆಗುತ್ತದೆ. ಮೇಲೆ ಕೆಳಗೆ ಒಂದೇ ಅಗಲದ ಡಬ್ಬಿಗೆ ಒದ್ದೆ ಮರಳನ್ನು ಒತ್ತದೆ ತುಂಬಿ ಎತ್ತರ ಅಳೆ, 30 ಸೆಂ.ಮೀ. ಇದೆ ಅನ್ನು. ಹೊರಗೆ ತೆಗೆದು, ಡಬ್ಬಿಗೆ ಅರ್ಧ ನೀರು ಹಾಕಿ, ಮರಳನ್ನು ಮತ್ತೆ ಸುರಿದು ಕಡ್ಡಿಯಿಂದ ಕಲಕು. ಮುಳುಗಿದ ಮರಳು ಉಬ್ಬು ಕಳೆದುಕೊಂಡು ಕೂರುತ್ತದೆ. 24 ಸೆಂ.ಮೀ. ಬಂದರೆ ಉಬ್ಬು ನೂರಕ್ಕೆ 25.

40×35×25 ಸೆಂ.ಮೀ. ಅಳತೆ ಪೆಟ್ಟಿಗೆಗೆ 35 ಲೀಟರ್, ಅಂದರೆ ಸರಿಯಾಗಿ ಒಂದು ಚೀಲ ಸಿಮೆಂಟಿನ ಗಾತ್ರ. 1:1.5:3 (ಸಿಮೆಂಟು, ಮರಳು, ಜಲ್ಲಿ) ಮಿಶ್ರಣಕ್ಕೆ ಚೀಲವೊಂದಕ್ಕೆ ಒಣ ಮರಳು ಒಂದೂವರೆ ಪೆಟ್ಟಿಗೆ, ಜಲ್ಲಿ ಮೂರು. ಮರಳು ಮೇಲಿನಷ್ಟು ಉಬ್ಬಿದ್ದರೆ ಒಂದೂವರೆಯ ಬದಲು ಸುಮಾರು 1.9 ಪೆಟ್ಟಿಗೆ ಹಾಕಿಸು. ಇಲ್ಲದಿದ್ದರೆ ಮರಳು ಕಡಿಮೆಯಾಗಿ ಜಲ್ಲಿಗಳ ಸಂದು ತುಂಬದೆ ಟೊಳ್ಳು ಉಳಿಯುತ್ತದೆ. ನೀರು ಚೀಲಕ್ಕೆ 30 ಲೀಟರ್ ದಾಟಬಾರದು. ಮರಳಿನಲ್ಲಾಗಲೇ ಇರುವ ನೀರೂ ಆ ಲೆಕ್ಕಕ್ಕೇ ಸೇರುತ್ತದೆ. ಮಳೆ ಬಂದ ಮಾರನೇ ದಿನ ಡಬ್ಬಿಯ ಪರೀಕ್ಷೆ ಮತ್ತೆ ಮಾಡಿಸು.

ಜಲ್ಲಿಗೆ ಬರೋಣ. ಬರೀ ಮುಕ್ಕಾಲು ಇಂಚಿನದನ್ನೇ (20 ಎಂ.ಎಂ.) ತರಿಸಿದರೆ ಸಂದು ಹೆಚ್ಚು. 20 ಎಂ.ಎಂ. ಮೂರು ಪಾಲು, 12 ಎಂ.ಎಂ. ಎರಡು ಪಾಲು ಬೆರೆಸಿದರೆ ಒಂದರ ಸಂದಿನಲ್ಲಿ ಇನ್ನೊಂದು ಕೂರುತ್ತದೆ. ಒಂದು ಬಾಂಡ್ಲಿ ಜಲ್ಲಿ ಹರಡಿ ನೋಡು. ಬಿಲ್ಲೆಯಂಥವೂ ಕಡ್ಡಿಯಂಥವೂ ಸೇರಿ ತೂಕದಲ್ಲಿ ನೂರಕ್ಕೆ 40 ಮೀರಬಾರದು. ಚಪ್ಪಟೆ ಕಲ್ಲು ಮೌಲ್ಡಿನಲ್ಲಿ ಅಡ್ಡ ಮಲಗಿ ಅಡಿಯಲ್ಲಿ ನೀರು ಹಿಡಿದಿಡುತ್ತದೆ, ಕಂಬಿಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹಳದಿ ತಿರುಗಿ ಬೆರಳಲ್ಲೇ ಉದುರುವ ಕಲ್ಲು ಕ್ವಾರಿಯ ಮೇಲ್ಪದರದ್ದು, ವಾಪಸ್ ಕಳಿಸು. ಪುಡಿ ಮೆತ್ತಿಕೊಂಡಿದ್ದರೆ ತೊಳೆಸು, ಇಲ್ಲವಾದರೆ ಸಿಮೆಂಟು ಆ ಪುಡಿಯನ್ನು ಹಿಡಿಯುತ್ತದೆಯೇ ಹೊರತು ಕಲ್ಲನ್ನಲ್ಲ.

ಮರಳು, ಜಲ್ಲಿ ಎರಡನ್ನೂ ಬರಿ ಮಣ್ಣಿನ ಮೇಲೆ ಸುರಿಸಬೇಡ, ತಗಡು ಹಾಸು. ಅನುಮಾನ ಬಂದರೆ ರಾಶಿಯ ಐದಾರು ಕಡೆಯಿಂದ ತೆಗೆದ ಮಾದರಿಯನ್ನು ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬಿಗೆ ಕೊಡು. ವರದಿ ಬಂದ ಮೇಲೆ ಫೋಟೋ ತೆಗೆದು ನನಗೂ ಕಳಿಸು, ಅದನ್ನು ನೋಡದೆ ಮೌಲ್ಡಿನ ದಿನ ಗೊತ್ತು ಮಾಡಬೇಡ.

ನಿನ್ನ ದೊಡ್ಡಪ್ಪ