ಪುಟ್ಟಿಗೆ, ಹೊನ್ನಮ್ಮ ಮತ್ತು ಉಳಿದವರ ಬಗ್ಗೆ

ಪುಟ್ಟಿ,

ಟಾಪಿಕ್ ಬದಲಾಯಿಸ್ಬೇಡ. ಇದನ್ನ ಮೊದ್ಲೇ ಹೇಳ್ಬಿಡ್ತೀನಿ, ಯಾಕಂದ್ರೆ ಉದ್ದ ಕಾಗದ ಪೂರ್ತಿ ಓದೋ ಸಹನೆ ನಿಮ್ಮಪ್ಪನಿಗೂ ಇರ್ಲಿಲ್ಲ, ನಿನಗೂ ಇಲ್ಲ. ಹಳೇ ಕನ್ನಡ ಸಾಹಿತ್ಯದಲ್ಲಿ ಹೆಣ್ಣು ಕವಿಗಳು ಅಂದ್ರೆ ಅಕ್ಕಮಹಾದೇವಿ, ಆಮೇಲೆ ಸಂಚಿ ಹೊನ್ನಮ್ಮ, ಅಲ್ಲಿಗೆ ಮುಗೀತು, ಡಿಸರ್ಟೇಶನ್‌ಗೆ ಅಷ್ಟು ಸರಕು ಸಾಲಲ್ಲ ಅಂತ ನಿಮ್ಮ ಡಿಪಾರ್ಟ್‌ಮೆಂಟಲ್ಲಿ ಯಾರೋ ಅಂದ್ರು ಅಂದೆಯಲ್ಲ, ಆ ಮಾತು ಕೇಳ್ಕೊಂಡು ನೀನು ಇನ್ನೇನೋ ಸುಲಭದ್ದು ಹಿಡ್ಕೊಂಡ್ರೆ ನಾನೇನು ಜಗಳ ಆಡಲ್ಲ, ಆದ್ರೆ ಬೇಜಾರಂತೂ ಆಗುತ್ತೆ.

ಹಾಗಂತ ನಿನ್ನ ಸಿನಾಪ್ಸಿಸ್ ಚೆನ್ನಾಗಿದೆ ಅಂತಾನೂ ಹೇಳಲ್ಲ. 'ಮರೆತುಹೋದ ಕವಯಿತ್ರಿಯರು' ಅಂತ ಹೆಡ್ಡಿಂಗ್ ಕೊಟ್ಟಿದ್ದೀಯ, ಮೊದ್ಲು ಅದನ್ನ ತೆಗಿ. ಹೊನ್ನಮ್ಮನ್ನ ಯಾರು ಮರೆತಿದ್ದಾರೆ ಹೇಳು? ಮಾರ್ಚ್ 8 ಬಂತಂದ್ರೆ ಸಾಕು, ಬೆಳಿಗ್ಗೆ ಆರು ಗಂಟೆಗೇ ಫ್ಯಾಮಿಲಿ ಗ್ರೂಪಲ್ಲಿ ಗುಲಾಬಿ ಹೂವಿನ ಚಿತ್ರದ ಮೇಲೆ ಅವಳ ಪದ್ಯ ಬಂದು ಕೂತಿರುತ್ತೆ.

ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ
ಪೆಣ್ಣಲ್ಲವೆ ಪೊರೆದವಳು
ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು
ಕಣ್ಣು ಕಾಣದ ಗಾವಿಲರು

ನಿಮ್ಮ ದೊಡ್ಡಪ್ಪ ಕೂಡ ಫಾರ್ವರ್ಡ್ ಮಾಡ್ತಾರೆ, ಮಾಡಿಬಿಟ್ಟು ಕಾಫಿ ಎಲ್ಲೇ ಅಂತ ಒಳಗಡೆ ಕೂಗ್ತಾರೆ, ಇರ್ಲಿ ಬಿಡು. ನಾನು ಹೇಳೋದು ಏನಂದ್ರೆ, ಮರೆತಿಲ್ಲ, ಒಂದು ಪದ್ಯಕ್ಕೆ ಇಳಿಸಿದ್ದಾರೆ. ಒಂಬತ್ತು ಸಂಧಿ, ಅಂದ್ರೆ ಅಧ್ಯಾಯ, ಬರೆದ ಕವಿಯನ್ನ ನಾಲ್ಕು ಸಾಲಿಗೆ ತಂದು ನಿಲ್ಲಿಸಿದ್ದಾರೆ. ಮರೆವಿಗಿಂತ ಇದು ಕೆಟ್ಟದ್ದು ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಮರೆತವರು ಯಾವತ್ತಾದ್ರೂ ಹುಡುಕ್ತಾರೆ, ನಮಗೆ ಗೊತ್ತು ಅಂದ್ಕೊಂಡವರು ಹುಡುಕೋದೇ ಇಲ್ಲ. ನಿನ್ನ ಕೆಲ್ಸ ಇರೋದು ಅಲ್ಲೇ.

ನೀನು ಹೊನ್ನಮ್ಮನ ಹದಿಬದೆಯ ಧರ್ಮ ಪೂರ್ತಿ ಓದಿಲ್ಲ ಅಂತ ನಿನ್ನ ಸಿನಾಪ್ಸಿಸ್ ನೋಡಿದ್ರೇ ಗೊತ್ತಾಗುತ್ತೆ. ಓದಿದ್ರೆ ಅವಳನ್ನ 'ಕ್ರಾಂತಿಕಾರಿ' ಅಂತ ಒಂದೇ ಉಸಿರಲ್ಲಿ ಬರೀತಿರ್ಲಿಲ್ಲ. ಅದು ಪತಿವ್ರತೆಯ ಧರ್ಮ ಹೇಳೋ ಪುಸ್ತಕ ಕಣೇ. ಗಂಡನ ಸೇವೆ, ಅತ್ತೆ ಮಾವನ ಸೇವೆ, ಹೆಂಡತಿ ಹೇಗಿರ್ಬೇಕು ಅನ್ನೋದು, ಪುಟಗಟ್ಟಲೆ ಅದೇ. ಇವತ್ತಿನ ಹುಡುಗಿ ಓದಿದ್ರೆ ಮೊದ್ಲನೇ ಸಂಧಿಗೇ ಪುಸ್ತಕ ಮುಚ್ಚಿಡ್ತಾಳೆ. ನೀನು ಮುಚ್ಚಿಡ್ಬೇಡ. ಅವಳು ಯಾರು, ಎಲ್ಲಿ ಕೂತು ಬರೀತಾ ಇದ್ದಾಳೆ ನೋಡು. ಚಿಕ್ಕದೇವರಾಜ ಒಡೆಯರ ಕಾಲ, ಅಂದ್ರೆ 1673ರಿಂದ 1704, ಮೈಸೂರು ಅರಮನೆ, ಇವಳು ಅಲ್ಲಿ ಎಲೆಯಡಿಕೆ ಸಂಚಿ ಹಿಡಿಯೋ ಊಳಿಗದವಳು. ರಾಣಿ ದೇವರಾಜಮ್ಮಣ್ಣಿಯ ಪ್ರೋತ್ಸಾಹ ಇತ್ತು, ಗುರು ಅಳಸಿಂಗರಾರ್ಯರಿಂದ ಪಾಠ ಆಗಿತ್ತು, ಅವಳನ್ನ 'ಸರಸ ಸಾಹಿತ್ಯದ ವರದೇವತೆ' ಅಂತ ಹೊಗಳಿದ್ದೂ ಆಯ್ತು. ಆದ್ರೂ ಸಂಚಿ ಅನ್ನೋದು ಇವತ್ತಿಗೂ ಅವಳ ಹೆಸರಿಂದ ಬಿಟ್ಟಿಲ್ಲ ನೋಡು. ಅಂಥ ಜಾಗದಲ್ಲಿ ಇದ್ಕೊಂಡು ಹೆಂಗಸರಿಗೆ ಬುದ್ಧಿ ಹೇಳೋ ಪುಸ್ತಕ ಬರೀತಾ ಬರೀತಾ ಗಂಡಸರಿಗೆ 'ಕಣ್ಣು ಕಾಣದ ಗಾವಿಲರು' ಅಂತ ಬೈತಾಳೆ. ಗಾವಿಲ ಅಂದ್ರೆ ದಡ್ಡ, ಮೆತ್ತಗೆ ಹೇಳಿದ ಮಾತೇನೂ ಅಲ್ಲ ಅದು. ಇನ್ನೊಂದು ಕಡೆ

ಕುವರನಾದೊಡೆ ಬಂದ ಗುಣವೇನದರಿಂದ
ಕುವರಿಯಾದೊಡೆ ಕುಂದೇನು

ಅಂತಾಳೆ. ಮಗ ಹುಟ್ಟಿದ ಮಾತ್ರಕ್ಕೆ ಏನು ಲಾಭ, ಮಗಳಾದ್ರೆ ಏನು ಕಮ್ಮಿ ಅಂತ. ಸ್ಕ್ಯಾನಿಂಗ್ ಸೆಂಟರ್ ಗೋಡೆ ಮೇಲೆ ಬರೆಸ್ಬೇಕಾದ ಸಾಲು, ಹದಿನೇಳನೇ ಶತಮಾನದ್ದು. ಆದ್ರೆ ಅದೇ ಪುಸ್ತಕದಲ್ಲಿ ಗಂಡನೇ ದೈವ ಅನ್ನೋ ಮಾತೂ ಅವಳದ್ದೇ. ಎರಡೂ ಒಂದೇ ಕೈ ಬರೆದಿದ್ದು. ಒಂದನ್ನ ಇಟ್ಕೊಂಡು ಇನ್ನೊಂದನ್ನ ಮುಚ್ಚಿಟ್ರೆ ನೀನೂ ಆ ಫಾರ್ವರ್ಡ್ ಮಾಡೋರ ಸಾಲಿಗೇ ಸೇರ್ತೀಯ. ಎರಡೂ ಒಟ್ಟಿಗೆ ಹೇಗಿತ್ತು ಅವಳ ತಲೇಲಿ ಅಂತ ಕೇಳು, ಅದಕ್ಕೆ ಉತ್ತರ ಹುಡುಕೋದ್ರಲ್ಲೇ ಒಂದು ಚಾಪ್ಟರ್ ಆಗುತ್ತೆ. ನನ್ನನ್ನ ಕೇಳಿದ್ರೆ ಅವಳಿಗೆ ಆ ಧರ್ಮದಲ್ಲಿ ನಿಜವಾಗ್ಲೂ ನಂಬಿಕೆ ಇತ್ತು, ಆ ನಂಬಿಕೆ ಒಳಗಿಂದ್ಲೇ ಸಿಟ್ಟೂ ಬಂತು, ನಮ್ಮ ಮನೆಗಳಲ್ಲಿ ಎಷ್ಟು ಜನ ಹೆಂಗಸರು ಹಾಗೇ ಬದುಕಿಲ್ಲ ಹೇಳು.

ಅದೇ ಚಿಕ್ಕದೇವರಾಜರ ಕಾಲದಲ್ಲಿ ಶೃಂಗಾರಮ್ಮ ಅಂತ ಇನ್ನೊಬ್ಬಳು ಪದ್ಮಿನೀಕಲ್ಯಾಣ ಬರೆದ್ಲು. ಆಮೇಲೆ ಹದಿನೆಂಟನೇ ಶತಮಾನದಲ್ಲಿ ರಾಣಿ ಚೆಲುವಾಂಬೆ ವರನಂದೀ ಕಲ್ಯಾಣ ಬರೆದ್ಲು, ಮೇಲುಕೋಟೆ ಚೆಲುವನಾರಾಯಣನಿಗೆ ಮನಸೋತ ದಿಲ್ಲಿ ಸುಲ್ತಾನನ ಮಗಳ ಕಥೆ ಅದು, ಮೈಸೂರಿನ ರಾಣಿಯೊಬ್ಬಳು ಕೂತು ಒಬ್ಬ ಮುಸ್ಲಿಂ ರಾಜಕುಮಾರಿಯ ಪ್ರೇಮ ಬರೀತಾಳೆ ಅಂದ್ರೆ ಎಂಥ ವಿಷ್ಯ ನೋಡು, ಆದ್ರೆ ಎಷ್ಟು ಜನಕ್ಕೆ ಗೊತ್ತು. ಇವರಿಬ್ಬರ ಹೆಸರನ್ನ ಪರೀಕ್ಷೆಗೆ ಹೊಂದಿಸಿ ಬರೆಯಿರಿ ಪ್ರಶ್ನೆಗೆ ಮಾತ್ರ ಇಟ್ಕೊಂಡಿದ್ದೀವಿ.

ಈಗ ಶರಣೆಯರ ಕಡೆ ಬರೋಣ. ಅಕ್ಕನ ಬಗ್ಗೆ ನಾನು ಹೆಚ್ಚು ಹೇಳಲ್ಲ, ಬೇಕಾದಷ್ಟು ಜನ ಹೇಳಿದ್ದಾರೆ, ಮತ್ತೆ ಅಕ್ಕ ಅಷ್ಟು ದೊಡ್ಡವಳು ಅನ್ನೋದ್ರಲ್ಲಿ ನನಗೆ ಎರಡು ಮಾತಿಲ್ಲ. ಆದ್ರೆ ಅಕ್ಕ ಒಬ್ಬಳನ್ನ ಎತ್ತಿ ಪೀಠದ ಮೇಲೆ ಕೂರಿಸಿದ್ರೆ ಉಳಿದ ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರನ್ನ ನೋಡೋ ಕಷ್ಟ ತಪ್ಪುತ್ತೆ ಅನ್ನೋ ಹಾಗೆ ನಡ್ಕೊಂಡಿದ್ದೀವಿ. ಒಂದು ಉದಾಹರಣೆ ಕೊಡ್ತೀನಿ, ಸ್ವಲ್ಪ ನಿಧಾನಕ್ಕೆ ಓದು. 'ಮೊಲೆ ಮುಡಿ ಬಂದಡೆ ಹೆಣ್ಣೆಂಬರು, ಗಡ್ಡ ಮೀಸೆ ಬಂದಡೆ ಗಂಡೆಂಬರು' ಅಂದ ತಕ್ಷಣ ಯಾರದ್ದು ಅಂದ್ರೆ ಎಲ್ಲರೂ ದಾಸಿಮಯ್ಯ ಅಂತಾರೆ, ಸರಿ, ನಡುವೆ ಸುಳಿವ ಆತ್ಮ ಹೆಣ್ಣೂ ಅಲ್ಲ ಗಂಡೂ ಅಲ್ಲ ಕಾಣಾ ರಾಮನಾಥ ಅಂತ ಮುಗಿಯುತ್ತೆ ಅದು. ಹೆಚ್ಚುಕಮ್ಮಿ ಅದೇ ಮಾತಿನ ಇನ್ನೊಂದು ವಚನ ಇದೆ, ಧೂಪದ ಕಾಯಕದ ಗೊಗ್ಗವ್ವೆದು:

ಮೊಲೆ ಮುಡಿ ಬಂದಡೆ ಹೆಣ್ಣೆಂಬರು
ಮೀಸೆ ಕಾಸೆ ಬಂದಡೆ ಗಂಡೆಂಬರು
ಈ ಉಭಯದ ಜ್ಞಾನ
ಹೆಣ್ಣೊ ಗಂಡೊ ನಾಸ್ತಿನಾಥಾ?

ದಾಸಿಮಯ್ಯ ಉತ್ತರ ಕೊಡ್ತಾನೆ, ಗೊಗ್ಗವ್ವೆ ಪ್ರಶ್ನೆ ಹಾಕ್ತಾಳೆ. ಅವನು ಆತ್ಮ ಅಂತಾನೆ, ಇವಳು ಜ್ಞಾನ ಅಂತಾಳೆ. ಜ್ಞಾನಕ್ಕೆ ಹೆಣ್ಣು ಗಂಡು ಉಂಟಾ ಅಂತ ಒಬ್ಬ ಹೆಂಗಸು ಕೇಳೋದಕ್ಕೂ ಆತ್ಮಕ್ಕೆ ಲಿಂಗಭೇದ ಇಲ್ಲ ಅಂತ ಒಬ್ಬ ಗಂಡಸು ಸಮಾಧಾನವಾಗಿ ಹೇಳೋದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡು, ಇವತ್ತು ನಿಮ್ಮ ಡಿಪಾರ್ಟ್‌ಮೆಂಟಲ್ಲಿ ನಡೀತಾ ಇರೋದೂ ಅದೇ ಪ್ರಶ್ನೆ ತಾನೆ. ನಾವು ಓದುವಾಗ ಗೊಗ್ಗವ್ವೆದನ್ನ ದಾಸಿಮಯ್ಯನ ನೆರಳು ಅಂತ ಒಂದು ಸಾಲಲ್ಲಿ ದಾಟಿಸಿಬಿಟ್ರು. ನೀನು ದಾಟಿಸ್ಬೇಡ, ಎರಡನ್ನೂ ಪಕ್ಕಪಕ್ಕ ಇಟ್ಟು ಬರಿ.

ಸೂಳೆ ಸಂಕವ್ವೆದು ಸಿಕ್ಕಿರೋದು ಒಂದೇ ವಚನ. ಒಬ್ಬನಿಂದ ಒತ್ತೆ, ಅಂದ್ರೆ ಒಪ್ಪಂದದ ಹಣ, ಹಿಡಿದು ಇನ್ನೊಬ್ಬನ ಒತ್ತೆ ಹಿಡಿದ್ರೆ ಬತ್ತಲೆ ನಿಲ್ಲಿಸಿ ಕೊಲ್ತಾರೆ ಅಂತ ತನ್ನ ಕಸುಬಿನ ಕಟ್ಟುಪಾಡನ್ನೇ ತಗೊಂಡು ಭಕ್ತಿಗೆ ಹಚ್ತಾಳೆ, ಅಂಕಿತ, ಅಂದ್ರೆ ವಚನದ ಕೊನೇಲಿ ಬರೋ ಮುದ್ರೆ ಹೆಸರು, ನಿರ್ಲಜ್ಜೇಶ್ವರ. ಒಂದೇ ವಚನ ಅಂತ ಅಸಡ್ಡೆ ಮಾಡೋರಿಗೆ ಅದನ್ನ ಒಂದ್ಸಲ ಜೋರಾಗಿ ಓದಿ ಹೇಳು. ಆಯ್ದಕ್ಕಿ ಲಕ್ಕಮ್ಮನ ಕಥೆ ನಿನಗೆ ಗೊತ್ತೇ ಇದೆ, ಗಂಡ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ಕೊಂಡು ಬಂದಾಗ 'ಈಸಕ್ಕಿಯಾಸೆ ನಿಮಗೇಕೆ? ಈಶ್ವರನೊಪ್ಪ' ಅಂತ ವಾಪಸ್ ಕಳಿಸಿದವಳು. ಅವಳ ಅಂಕಿತ ನೋಡು, ಮಾರಯ್ಯಪ್ರಿಯ ಅಮರೇಶ್ವರಲಿಂಗ. ಗಂಡನಿಗೇ ಪಾಠ ಹೇಳಿದ ವಚನದ ಕೊನೇಲೂ ಗಂಡನ ಹೆಸರೇ. ಅಂಕಿತಗಳದ್ದೇ ಒಂದು ಪಟ್ಟಿ ಮಾಡ್ಕೊ, ಗಂಡನ ಹೆಸರು ಯಾರಲ್ಲಿದೆ, ಯಾರಲ್ಲಿ ಇಲ್ಲ ಅಂತ. ಬೇಜಾನ್ ಮಾತು ಹೊರಡುತ್ತೆ ಅದ್ರಿಂದ.

ಅಂಕಿತ ಅಂದ ಮೇಲೆ ನಿಮ್ಮಜ್ಜಿಯ ಹಾಡಿನ ನೋಟ್‌ಬುಕ್ ನೆನಪಾಯ್ತು. ನೀಲಿ ರಟ್ಟಿನದು, ಎಣ್ಣೆ ಕಲೆ ಆಗಿ ಕೆಲವು ಪುಟ ಆಚೆ ಕಡೆ ಅಕ್ಷರ ಕಾಣುತ್ತೆ, ನನ್ನ ಬೀರುವಿನಲ್ಲೇ ಇದೆ. ಅದರಲ್ಲಿ ಆರತಿ ಹಾಡು, ಹಸೆ ಹಾಡು, ಶುಕ್ರವಾರದ ಹಾಡು ಎಲ್ಲಾ ಕಲಸಿ ಬರೆದಿದ್ದಾಳೆ, ಯಾವುದಕ್ಕೂ ಕವಿ ಹೆಸರಿಲ್ಲ. ಎಷ್ಟೋ ಹಾಡಿನ ಕೊನೇಲಿ 'ಭೀಮೇಶಕೃಷ್ಣ' ಅಂತ ಬರುತ್ತೆ. ಮನೇಲಿ ಹಾಡೋರೆಲ್ಲ ಅದು ಯಾರೋ ದಾಸರದ್ದು ಅಂತಲೇ ಅಂದ್ಕೊಂಡಿದ್ರು, ಅಂಕಿತ ಕೇಳಿದ್ರೆ ಹೆಂಗಸು ಅಂತ ಗೊತ್ತಾಗೋದಾದ್ರೂ ಹೇಗೆ. ಅದು ಹರಪನಹಳ್ಳಿ ಭೀಮವ್ವನ ಅಂಕಿತ, 1822ರಲ್ಲಿ ಹುಟ್ಟಿ 1903ರಲ್ಲಿ ತೀರಿಕೊಂಡವಳು. ಅವಳಿಗಿಂತ ಹಿಂದೆ ಹೆಳವನಕಟ್ಟೆ ಗಿರಿಯಮ್ಮ, ಗಲಗಲಿ ಅವ್ವ. ಗಿರಿಯಮ್ಮ ಬರೀ ಬಿಡಿ ಹಾಡು ಬರೆದವಳಲ್ಲ, ಚಂದ್ರಹಾಸನ ಕಥೆ, ಉದ್ದಾಲಿಕನ ಕಥೆ ಅಂತ ಉದ್ದುದ್ದ ಕಥನ ಬರೆದವಳು. ಗಂಡಸು ಬರೆದಿದ್ರೆ ಅದನ್ನ ಕಾವ್ಯದ ಅಧ್ಯಾಯಕ್ಕೆ ಹಾಕ್ತಿದ್ರು, ಇವಳು ಬರೆದಿದ್ದಕ್ಕೆ 'ಹೆಂಗಸರ ಹಾಡು' ಅಂತ ಅಡುಗೆಮನೆ ಪಕ್ಕದ ಕೋಣೆಗೆ ಹಾಕಿದ್ರು. ತಮಾಷೆ ಏನಂದ್ರೆ ಪುಸ್ತಕದಲ್ಲಿ ಜಾಗ ಸಿಗದೇ ಇದ್ರೂ ಇವರನ್ನ ಉಳಿಸಿದ್ದು ಹೆಂಗಸರ ಬಾಯಿ, ಪಂಡಿತರು ಓದಿದ ಎಷ್ಟೋ ಗಂಡು ಕವಿಗಳನ್ನ ಇವತ್ತು ಯಾರೂ ಹಾಡಲ್ಲ.

ನೋಟ್‌ಬುಕ್ ಸ್ಕ್ಯಾನ್ ಮಾಡ್ಸಿ ಕಳಿಸ್ತೀನಿ. ಆದ್ರೆ ಅದು ಸಾಲಲ್ಲ, ನಿಮ್ಮಮ್ಮನ ಕಡೆ ಅಜ್ಜಿಯಂದಿರು ಇನ್ನೂ ಹಾಡ್ತಾರಲ್ಲ, ಅವರ ಹತ್ರ ಕೂತು ಫೋನಲ್ಲಿ ರೆಕಾರ್ಡ್ ಮಾಡ್ಕೊ. ಯಾರ ಹಾಡು ಅಂತ ಮೊದ್ಲೇ ಕೇಳ್ಬೇಡ, ಎಲ್ಲಿ ಕಲಿತ್ರಿ, ಯಾರು ಹೇಳ್ಕೊಟ್ರು ಅಂತ ಕೇಳು, ಆಗ ಬಾಯಿ ಬಿಡ್ತಾರೆ.

ಕಂತಿಯ ಬಗ್ಗೆ ಮಾತ್ರ ಹುಷಾರು. ಮೊದಲ ಕವಯಿತ್ರಿ ಅಂತ ನೀನು ಘಂಟಾಘೋಷವಾಗಿ ಬರೆದಿದ್ದೀಯ. ಅವಳು ನಿಜವಾಗ್ಲೂ ಇದ್ದಳಾ ಅನ್ನೋದೇ ವಿದ್ವಾಂಸರ ನಡುವೆ ತೀರ್ಮಾನ ಆಗದ ವಿಷ್ಯ. ನಮಗೆ ಉಳಿದಿರೋ ಕಥೆ ಏನು? ಅಭಿನವ ಪಂಪ, ಅಂದ್ರೆ ಹನ್ನೆರಡನೇ ಶತಮಾನದ ಹೊತ್ತಿನ ಕವಿ ನಾಗಚಂದ್ರ, ಅರ್ಧ ಪದ್ಯ ಹೇಳಿ ಸಮಸ್ಯೆ ಹಾಕ್ತಾನೆ, ಇವಳು ಪೂರ್ತಿ ಮಾಡ್ತಾಳೆ, ಆದ್ರೆ ಅವನನ್ನ ಹೊಗಳೋಕೆ ಮಾತ್ರ ಒಪ್ಪಲ್ಲ, ಕೊನೆಗೆ ಅವನು ಸತ್ತ ಹಾಗೆ ನಟಿಸಿ ಅವಳ ಬಾಯಲ್ಲಿ ಹೊಗಳಿಕೆ ತೆಗೆಸ್ತಾನೆ. ದೇವಚಂದ್ರ ರಾಜಾವಳಿ ಕಥೆಯಲ್ಲಿ ಇದನ್ನ ಹೇಳ್ತಾನೆ, ಅದು ಹತ್ತೊಂಬತ್ತನೇ ಶತಮಾನದ ಪುಸ್ತಕ, ಅಷ್ಟು ಹೊತ್ತಿಗೆ ಏಳು ಶತಮಾನ ಕಳೆದಿತ್ತು. ನನಗಂತೂ ಅವಳು ಇದ್ದಳಾ ಅನ್ನೋದಕ್ಕಿಂತ, ಹೆಣ್ಣು ಕವಿ ಅಂದ ತಕ್ಷಣ ಗಂಡು ಕವಿ ಬಿಟ್ಟ ಸಾಲು ತುಂಬೋಳು ಅಂತಲೇ ಜನ ಯಾಕೆ ಕಲ್ಪಿಸ್ಕೊಂಡ್ರು ಅನ್ನೋದೇ ಆಸಕ್ತಿ. ಅವಳನ್ನ ಬಿಡ್ಬೇಡ, ಆದ್ರೆ ಕಥೆಯನ್ನ ಕಥೆ ಅಂತಲೇ ಬರಿ.

ಲೈಬ್ರರಿಯಲ್ಲಿ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆ ಮೂರೂ ಸಂಪುಟ ತಗೊಂಡು ಕೂತ್ಕೊ, 1907ರಿಂದ 1929ರವರೆಗೆ ಬಂದಿದ್ದು. ಹೆಂಗಸರ ಬಗ್ಗೆ ಏನು ಬರೆದಿದ್ದಾರೆ, ಎಷ್ಟು ಬರೆದಿದ್ದಾರೆ ಅಂತ ಸ್ಕೇಲ್ ಇಟ್ಟು ಅಳೆದ ಹಾಗೆ ನೋಡು. ಆದ್ರೆ ಅವರನ್ನ ಬೈಯೋದಕ್ಕೆ ಹೋಗ್ಬೇಡ. ಆ ಮನುಷ್ಯ ಓಲೆಗರಿ ಹುಡುಕಿ ಹುಡುಕಿ ಬರೆದಿಡದೇ ಇದ್ದಿದ್ರೆ ನಮಗೆ ಬೈಯೋಕೂ ಹೆಸರು ಸಿಗ್ತಿರ್ಲಿಲ್ಲ. ಬೈಯೋದಿದ್ರೆ ಅವರಾದ ಮೇಲೆ ನೂರು ವರ್ಷ ಅದನ್ನೇ ಕಾಪಿ ಹೊಡೆದವರನ್ನ ಬೈ.

ಹುಡುಕಿ ತೆಗೆಯೋದು ಅಂದ್ರೆ ಏನು ಅಂತ ಗೊತ್ತಾಗ್ಬೇಕಾದ್ರೆ ಬೆಂಗಳೂರು ನಾಗರತ್ನಮ್ಮನ ಬಗ್ಗೆ ಓದು. ನಮ್ಮ ನಂಜನಗೂಡಲ್ಲಿ 1878ರಲ್ಲಿ ಹುಟ್ಟಿದವಳು, ದೇವದಾಸಿ ಮನೆತನ, ದೊಡ್ಡ ಹಾಡುಗಾರ್ತಿ, ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿ ಕಟ್ಟಿಸಿದವಳು. ತಂಜಾವೂರು ರಾಜ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ಅನ್ನೋ ಕವಯಿತ್ರಿ ತೆಲುಗಲ್ಲಿ ಬರೆದ ಶೃಂಗಾರಕಾವ್ಯ ರಾಧಿಕಾ ಸಾಂತ್ವನಮು ಇವಳ ಕೈಗೆ ಸಿಕ್ತು. ಆಗಲೇ ಅಚ್ಚಾಗಿದ್ದ ಪ್ರತಿಯಲ್ಲಿ ಮುದ್ದುಪಳನಿ ತನ್ನ ಬಗ್ಗೆ, ತನ್ನ ಅಜ್ಜಿ ಅಮ್ಮನ ಬಗ್ಗೆ ಬರ್ಕೊಂಡಿದ್ದ ಭಾಗಾನೇ ಕತ್ತರಿಸಿ ಹಾಕಿದ್ರು. ಪದ್ಯ ಇಟ್ಕೊಂಡು ಕವಿಯನ್ನ ತೆಗೆದುಹಾಕಿದ್ರು ಅಂದ ಹಾಗಾಯ್ತು. ನಾಗರತ್ನಮ್ಮ ಹಸ್ತಪ್ರತಿ ಹುಡುಕಿಸಿ 1910ರಲ್ಲಿ ಪೂರ್ತಿ ಅಚ್ಚು ಹಾಕಿಸಿದ್ಲು. ಕಂದುಕೂರಿ ವೀರೇಶಲಿಂಗಂ ಪಂತುಲು, ವಿಧವಾ ವಿವಾಹಕ್ಕೆ ಹೋರಾಡಿದ ಅಷ್ಟು ದೊಡ್ಡ ಸುಧಾರಕರು, ಅವರೇ ಮುದ್ದುಪಳನಿಯನ್ನ ಸೂಳೆ, ಅಶ್ಲೀಲ ಅಂತ ಹೀಗಳೆದಿದ್ರು. ನಾಚಿಕೆ ಅನ್ನೋದು ಹೆಂಗಸರಿಗೆ ಮಾತ್ರಾನಾ, ಗಂಡಸರು ಇದಕ್ಕಿಂತ ಹಸಿಯಾಗಿ ಬರೆದಿದ್ದನ್ನ ಮೆಚ್ಕೊಂಡಿದ್ದೀರಲ್ಲ ಅಂತ ನಾಗರತ್ನಮ್ಮ ಕೇಳಿದ್ಲು. ಬ್ರಿಟಿಷ್ ಸರ್ಕಾರ ಪುಸ್ತಕ ನಿಷೇಧ ಮಾಡ್ತು, ಸ್ವಾತಂತ್ರ್ಯದ ಹೊತ್ತಿಗೆ ಮದ್ರಾಸ್ ಪ್ರಾಂತ್ಯದ ಸರ್ಕಾರ ನಡೆಸ್ತಿದ್ದ ಟಂಗುಟೂರಿ ಪ್ರಕಾಶಂ ಆ ನಿಷೇಧ ತೆಗೆಸಿದ್ರು. ನಾಗರತ್ನಮ್ಮ 1952ರಲ್ಲಿ ತೀರಿಕೊಳ್ಳೋ ಹೊತ್ತಿಗೆ ಆ ಪುಸ್ತಕ ಮತ್ತೆ ಹೊರಗೆ ಬಂದಿತ್ತು.

ಅದೇ ನಂಜನಗೂಡಲ್ಲಿ 1887ರಲ್ಲಿ ತಿರುಮಲಾಂಬ ಹುಟ್ಟಿದ್ಲು, ಬಾಲವಿಧವೆ, 1913ರಲ್ಲಿ ಸತಿಹಿತೈಷಿಣಿ ಗ್ರಂಥಮಾಲೆ ಶುರು ಮಾಡಿ ತಾನೇ ಬರೆದು ತಾನೇ ಪ್ರಕಟಿಸಿದ್ಲು, ಕರ್ನಾಟಕ ನಂದಿನಿ ಪತ್ರಿಕೆ ನಡೆಸಿದ್ಲು, ಆಮೇಲೆ ದಶಕಗಟ್ಟಲೆ ಸದ್ದಿಲ್ಲ, 1982ರವರೆಗೆ ಬದುಕಿದ್ಲು. ಅವಳು ನಿನ್ನ ಟಾಪಿಕ್‌ಗೆ ನೇರ ಬರಲ್ಲ, ಕಾದಂಬರಿಕಾರ್ತಿ. ಆದ್ರೂ ಓದು.

ಕೊನೇದಾಗಿ ನಿನ್ನ ಪದ್ಯಗಳ ವಿಷ್ಯ. ಇನ್ಸ್ಟಾಗ್ರಾಂನಲ್ಲಿ ಬೇರೆ ಹೆಸರಿಟ್ಕೊಂಡು ಹಾಕ್ತೀಯಂತೆ, ನಿನ್ನ ತಮ್ಮ ಹೇಳಿದ, ಅವನಿಗೆ ಬೈಬೇಡ. ಸ್ವಂತ ಹೆಸರಲ್ಲಿ ಹಾಕು. ಡೇಟ್ ಹಾಕು. ಒಂದು ಪ್ರತಿ ನನಗೂ ಕಳಿಸು, ಪ್ರಿಂಟ್ ತೆಗೆದು.

ಹೊಸ ಹೆಡ್ಡಿಂಗ್ ಏನು ಅಂತ ಭಾನುವಾರದೊಳಗೆ ಹೇಳು. ಹದಿಬದೆಯ ಧರ್ಮ ನನ್ನ ಹತ್ರ ಎರಡು ಪ್ರತಿ ಇದೆ, ಪೆನ್ಸಿಲ್ ಗೆರೆ ಇಲ್ಲದ್ದನ್ನ ಕೊರಿಯರ್ ಮಾಡ್ತೀನಿ, ಗೆರೆ ನೀನೇ ಹಾಕ್ಕೊ. ರೆಕಾರ್ಡಿಂಗ್‌ಗೆ ಅಂತ ಊರೂರು ತಿರುಗೋ ಖರ್ಚಿನ ಬಗ್ಗೆ ನಿಮ್ಮಪ್ಪನ ಹತ್ರ ನೀನು ಬಾಯಿ ಬಿಡ್ಬೇಡ, ಅದನ್ನ ನಾನು ನೋಡ್ಕೋತೀನಿ.

ನಿನ್ನ
ಅತ್ತೆ